ಅಂಚಿನಲ್ಲಿ ನಾನು ಬರೆದ ಅರ್ಥಗಳು

ಪದದ ಅರ್ಥಕ್ಕೆ ನಿಘಂಟು ಹುಡುಕುವವರನ್ನು ಕಂಡರೆ ನನಗೆ ಆಗ ಬಹಳ ಮರುಕ. ಕಾದಂಬರಿ ಓದುತ್ತಾ ಹೋದರೆ ಅರ್ಥ ತಾನಾಗಿಯೇ ಹೊಳೆಯುತ್ತದೆ ಎಂಬುದು ನನ್ನ ಸಿದ್ಧಾಂತ. ಆಫೀಸಿನಲ್ಲಿ ಈ ವಿಷಯವಾಗಿ ಎರಡು ಸಲ ಭಾಷಣವನ್ನೂ ಬಿಗಿದಿದ್ದೆ!

ನಾವು ಜಯನಗರಕ್ಕೆ ಹೊಸದಾಗಿ ಬಂದ ಕಾಲ. ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನನ್ನ ಹೆಂಡತಿ ಶಾರದೆ ಮನೆಯಲ್ಲೇ ಓದಿಕೊಂಡು ಕನ್ನಡ ಪರೀಕ್ಷೆಗೆ ಕಟ್ಟಿದ್ದಳು. ಪಾಸಾದರೆ ಹತ್ತಿರದ ಶಾಲೆಯಲ್ಲಿ ಟೀಚರ್ ಕೆಲಸ ಸಿಗುವುದಿತ್ತು. ಅದಕ್ಕಾಗಿ ಒಲೆಯ ಮುಂದೆಯೂ ಪುಸ್ತಕ ಹಿಡಿದು ಕೂರುತ್ತಿದ್ದಳು, ಪಾಪ. ಪಠ್ಯಕ್ಕೆ ಒಂದು ಹಳೆಯ ಕಾದಂಬರಿ. ಲೈಬ್ರರಿಯಿಂದ ತಂದದ್ದು. ಪುಟಪುಟದಲ್ಲೂ ಕಂಡು ಕೇಳರಿಯದ ಪದಗಳು.

“ರೀ, ಒಂದು ನಿಘಂಟು ತಂದ್ಕೊಡ್ತೀರಾ?”

“ನಾನಿರೋವಾಗ ನಿಘಂಟು ಯಾಕೆ ಕಣೆ?” ಎಂದು ಪೆನ್ಸಿಲು ಕೈಗೆತ್ತಿಕೊಂಡೆ.

‘ನಾಯಕನು ಉಪಧಾನವನ್ನು ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತನು’ ಎಂದಿತ್ತು. ಹಾಗೆ ಅಪ್ಪಿಕೊಂಡು ಅಳಬೇಕಾದರೆ ಹೆಂಡತಿಯೇ ಇರಬೇಕು; ‘ಉಪ’ ಎಂದ ಮೇಲೆ ಎರಡನೆಯವಳೇ! ಅಂಚಿನಲ್ಲಿ ದುಂಡಗೆ ಬರೆದೆ: ‘ಎರಡನೆಯ ಹೆಂಡತಿ’. ಮುಂದಿನ ಅಧ್ಯಾಯದಲ್ಲಿ ನಾಯಕನ ತಾಯಿ ಅದೇ ಉಪಧಾನವನ್ನು ಬಿಸಿಲಿಗೆ ಹಾಕಿದಳು. ನನಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ‘ಅತ್ತೆಯ ಕಾಟ’ ಎಂದು ಪಕ್ಕದಲ್ಲಿ ಸೇರಿಸಿದೆ! ಹೀಗೆ ಕೊನೆಯ ಪುಟದವರೆಗೆ ನನ್ನ ಪಾಂಡಿತ್ಯ ಹರಿಯಿತು.

ಆ ದಿನಗಳಲ್ಲಿ ಲೈಬ್ರರಿ ಪುಸ್ತಕ ಒಂದು ಮನೆಗೆ ಬಂದರೆ ಅಕ್ಕಪಕ್ಕದವರೆಲ್ಲ ಓದಿ ಮುಗಿಸಿದ ಮೇಲೇ ವಾಪಸ್ಸು ಹೋಗುತ್ತಿದ್ದದ್ದು. ಶಾರದೆ ಅರ್ಥಗಳನ್ನು ನೋಟ್ ಬುಕ್ಕಿಗೆ ಇಳಿಸಿಕೊಂಡ ಮೇಲೆ ಪುಸ್ತಕ ಪಕ್ಕದ ಮನೆಯ ಕಮಲಮ್ಮನವರಿಗೆ ಹೋಯಿತು. ಪರೀಕ್ಷೆಗೆ ಇನ್ನೊಂದೇ ವಾರ ಇರುವಾಗ ಅವರು ಪುಸ್ತಕ ಹಿಡಿದುಕೊಂಡೇ ಬಂದರು.

“ಶಾರದಮ್ಮ, ಇವನಿಗೆ ಎರಡನೇ ಮದುವೆ ಯಾವಾಗ್ರೀ ಆಯ್ತು? ಪುಸ್ತಕ ಪೂರ್ತಿ ಹುಡುಕಿದೆ. ಕೊನೆಗೆ ನಮ್ಮ ಮಾವನವರನ್ನ ಕೇಳಿದೆ. ಉಪಧಾನ ಅಂದ್ರೆ ತಲೆದಿಂಬಂತೆ!”

ಕಮಲಮ್ಮನವರ ಮಾವ ರಿಟೈರ್ಡ್ ಕನ್ನಡ ಪಂಡಿತರು. ಶಾರದೆ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಅವಳು ನೋಟ್ ಬುಕ್ಕು ಎತ್ತಿಕೊಂಡು ನೇರ ಪಂಡಿತರ ಮನೆಗೆ ನಡೆದಳು. ವಾರವಿಡೀ ಅಲ್ಲೇ ಕೂತು ಒಂದೊಂದೇ ಪದವನ್ನು ಅವರ ನಿಘಂಟಿನಲ್ಲಿ ನೋಡಿ ತಿದ್ದಿಕೊಂಡಳು. ಇವಳ ಕೆಲಸಕ್ಕೆ ನಾನೇ ಕಲ್ಲು ಹಾಕಿದೆನಲ್ಲ ಎಂದು ನನಗೆ ಅನ್ನ ಸೇರಲಿಲ್ಲ. ದೇವರಾಣೆ!

ಫಲಿತಾಂಶ ಬಂತು. ಪಾಸು! ಅದೂ ಮೊದಲನೇ ದರ್ಜೆ. ನನ್ನ ಕಣ್ಣು ಒದ್ದೆಯಾಯಿತು.

“ನನ್ನನ್ನ ಕ್ಷಮಿಸಿಬಿಡೆ,” ಎಂದೆ.

“ಅಯ್ಯೋ, ನಾನು ಪಾಸಾಗಿದ್ದೇ ನಿಮ್ಮಿಂದ ಕಣ್ರೀ!” ಎಂದು ನಕ್ಕಳು. “ನಿಘಂಟಿನ ಅರ್ಥ ಒಂದೇ ಓದಿದ್ರೆ ಮರ್ತೋಗ್ತಿತ್ತು. ನೀವು ಬರೆದಿದ್ದು ನೆನಪಾದ್ರೆ ನಗು ಬರೋದು, ಹಿಂದೇನೇ ಸರಿಯಾದ್ದೂ ಬರೋದು. ಒಂದೂ ಮರೀಲಿಲ್ಲ.”

ಬೈದು ಮೂಲೆಗೆ ಕೂರಿಸಬಹುದಿತ್ತು. ನನ್ನಂಥವನಿಗೂ ಒಂದು ಪಾಲು ಕೊಟ್ಟಳಲ್ಲ, ಆ ದೊಡ್ಡ ಮನಸ್ಸಿಗೆ ಇವತ್ತಿಗೂ ಕೈ ಮುಗಿಯುತ್ತೇನೆ. ಹೆಂಡತಿಯ ಏಳಿಗೆಗೆ ಗಂಡ ಕೊಟ್ಟದ್ದೇನು ಎಂದು ಯಾರಾದರೂ ಕೇಳಿದರೆ ತಲೆಯೆತ್ತಿ ಹೇಳುತ್ತೇನೆ: ಅಪ್ಪಟ ಅಜ್ಞಾನ!