ದೆವ್ವಕ್ಕೆ ಮಗು ಸಿಕ್ಕಿತೇನ್ರೀ?

ದೆವ್ವ ಕಂಡರೆ ಲೋಕದ ಜನ ಎದ್ದು ಓಡುತ್ತಾರೆ. ನನ್ನ ಸೋದರಮಾವ ಮಾತ್ರ ಕುರ್ಚಿ ಎಳೆದುಕೊಂಡು ಇನ್ನಷ್ಟು ಹತ್ತಿರ ಕೂರುತ್ತಿದ್ದರು! ಮಹಾ ಧೈರ್ಯವಂತರು ಎಂದುಕೊಳ್ಳಬೇಡಿ. ಬಚ್ಚಲಲ್ಲಿ ಜಿರಲೆ ಕಂಡರೆ ಅತ್ತೆಯನ್ನು ಕೂಗುವ ಆಸಾಮಿ. ಅವರ ಧೈರ್ಯವೆಲ್ಲ ಒಂದೇ ಒಂದು ದೆವ್ವಕ್ಕೆ ಮೀಸಲು. ಅದು ಎಂಬತ್ತರ ದಶಕದ ಕೊನೆಯಲ್ಲಿ, ಭಾನುವಾರ ಸಂಜೆ ಟೀವಿಯಲ್ಲಿ ಬರುತ್ತಿದ್ದ ಹಿಂದಿ ಧಾರಾವಾಹಿಯ ದೆವ್ವ.

ಮಾವನಿಗೆ ಮದ್ರಾಸಿನ ರೈಲ್ವೆಯಲ್ಲಿ ಕೆಲಸ. ಪ್ರಯಾಣಿಕರು ಗಾಡಿಯಲ್ಲಿ ಮರೆತುಹೋದ ಸಾಮಾನಿಗೆ ಚೀಟಿ ಅಂಟಿಸಿ ಕಾಯ್ದಿಟ್ಟು, ಬಂದು ಕೇಳಿದವರಿಗೆ ಒಪ್ಪಿಸುವುದು. ಕೊಡೆ, ಟಿಫನ್ ಕ್ಯಾರಿಯರ್, ಒಮ್ಮೆ ಯಾರದೋ ಕಟ್ಟಿಸಿಕೊಂಡ ಹಲ್ಲು! ಆ ಹಲ್ಲಿನ ಒಡೆಯನನ್ನು ಹುಡುಕಲು ಮಾವ ಒಂದು ತಿಂಗಳು ಪ್ಲಾಟ್‌ಫಾರ್ಮಿನಲ್ಲಿ ಮುದುಕರ ಬಾಯಿಗಳನ್ನೇ ನೋಡುತ್ತ ಓಡಾಡಿದ್ದರಂತೆ. "ಸಾಮಾನು ಅದರ ಯಜಮಾನರ ಕೈ ಸೇರೋವರೆಗೂ ನನಗೆ ಊಟ ಸೇರಲ್ಲ ಕಣೇ" ಎನ್ನುತ್ತಿದ್ದರು. ಅಮ್ಮ ತೀರಿಕೊಂಡಾಗ ನನಗೆ ಮೂರು ವರ್ಷ. ಮಕ್ಕಳಿಲ್ಲದ ಮಾವ ಮತ್ತು ಅತ್ತೆ ನನ್ನನ್ನು ಮೈಸೂರಿನಿಂದ ಪೆರಂಬೂರಿನ ಕ್ವಾರ್ಟರ್ಸಿಗೆ ಕರೆತಂದು ಸಾಕಿದರು. ನನಗೆ ಚೀಟಿಯೊಂದು ಅಂಟಿಸಲಿಲ್ಲ, ಅಷ್ಟೇ.

ಧಾರಾವಾಹಿಯ ಕಥೆ ಇಷ್ಟು. ಬೆಂಕಿಯಲ್ಲಿ ಸತ್ತ ತಾಯಿಯೊಬ್ಬಳು ದೆವ್ವವಾಗಿ, ತನ್ನ ಮಗುವನ್ನು ಹುಡುಕುತ್ತ ಹಾಳು ಬಂಗಲೆಯಲ್ಲಿ ಬಾಗಿಲು ಬಾಗಿಲು ತೆರೆಯುತ್ತಾಳೆ. ವಾರಕ್ಕೊಂದು ಬಾಗಿಲು! ಹೀಗೆ ಎರಡು ವರ್ಷ! "ಇಷ್ಟೊಂದು ಬಾಗಿಲಿರೋ ಮನೇನ ದಿನಾ ಗುಡಿಸೋರು ಯಾರು?" ಎನ್ನುವುದೊಂದೇ ಅತ್ತೆಯ ಚಿಂತೆ.

ನಮ್ಮ ಸಾಲಿನಲ್ಲಿ ಟೀವಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಭಾನುವಾರ ಐದು ಗಂಟೆಗೇ ಎದುರು ಮನೆಯ ಮಾಮಿ ಬಂದು, "ಎನ್ನ ಸಾರ್, ಇನ್ನಿಕ್ಕಿ ಪೇಯ್ ವರುಮಾ?" ಎಂದು ಇವತ್ತು ದೆವ್ವ ಬರುತ್ತದೋ ಇಲ್ಲವೋ ತಮಿಳಿನಲ್ಲಿ ವಿಚಾರಿಸುವರು. ಮಾವ ವಾಚು ನೋಡಿಕೊಂಡು, "ರೈಟ್ ಟೈಮ್ ಮಾಮಿ. ಆರೂವರೆಗೆ ಬರುತ್ತೆ" ಎನ್ನುವರು. ದೆವ್ವ ಬರುವುದೂ ಬೆಂಗಳೂರು ಮೈಲು ಬರುವುದೂ ಅವರಿಗೆ ಒಂದೇ! ನೆರೆದ ಇಪ್ಪತ್ತು ಮಂದಿಯಲ್ಲಿ ಒಬ್ಬರಿಗೂ ಹಿಂದಿ ಬಾರದು. ಆದರೇನು, ಕಿರುಚುವುದಕ್ಕೆ ಭಾಷೆ ಬೇಕೇ?

ಪೇಚಾಟವೆಲ್ಲ ನನ್ನದು. ಪ್ರತಿ ಭಾನುವಾರ ಅತ್ತೆ ನನಗೆ ಎರಡು ಜಡೆ ಹಾಕಿ, ಮಲ್ಲಿಗೆ ಮುಡಿಸಿ, ರೇಷ್ಮೆ ಲಂಗ ಉಡಿಸಬೇಕು. ಇದು ಮಾವನ ಕಟ್ಟಪ್ಪಣೆ. ಆಮೇಲೆ ಟೀವಿಯಿಂದ ಮೂರೇ ಅಡಿ ದೂರದಲ್ಲಿ ಮಣೆ ಹಾಕಿ ನನ್ನನ್ನು ಕೂರಿಸುವರು.

"ಎದಕ್ಕು ಮಾಮಾ? ದೆವ್ವ ನೋಡೋಕೆ ಪಟ್ಟು ಲಂಗ ಯಾಕೆ?" ಎಂದು ಸಿಡುಕುತ್ತಿದ್ದೆ.

"ಮನೆಗೆ ಬರೋರ ಮುಂದೆ ಲಕ್ಷಣವಾಗಿರಬೇಡ್ವೇನೇ?"

ಹನ್ನೆರಡು ವರ್ಷದ ಹುಡುಗಿ, ಮದುವೆಗೆ ಹೊರಟವಳ ಹಾಗೆ ಸಿಂಗರಿಸಿಕೊಂಡು ದೆವ್ವದ ಎದುರು ಒಬ್ಬಳೇ ಮುಂದಿನ ಸಾಲಿನಲ್ಲಿ! ಬಿಳಿ ಸೀರೆ ಕಂಡೊಡನೆ ಹಿಂದೆ ಮಾಮಿ ಮುರುಗನ ಸ್ತೋತ್ರ ಕಂದಷಷ್ಠಿ ಕವಚ ಶುರುಮಾಡುವರು. ನಾನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಳ್ಳುವೆ. ತಕ್ಷಣ ಬೆನ್ನಿನ ಹಿಂದಿನಿಂದ ಗದರಿಕೆ: "ಕೈ ತೆಗಿ ಪುಟ್ಟಿ. ಮುಖ ಕಾಣಲ್ಲ." ನನಗೆ ದೆವ್ವದ ಮುಖ ಕಾಣಲೆಂದು ಇವರಿಗೇಕಿಷ್ಟು ಹಟ ಎಂದು ಸಿಟ್ಟು ಬರುತ್ತಿತ್ತು.

ಒಂದು ವಾರ ಮಂತ್ರವಾದಿಯೊಬ್ಬ ಬಂದು ದೆವ್ವವನ್ನು ಸೀಸೆಗೆ ತುಂಬಲು ಹೊರಟ. ಮಾವ ಎದ್ದು ನಿಂತರು. "ಲೇ, ಅವಳು ಮಗು ಕೇಳ್ತಿದ್ದಾಳೆ, ನಿನ್ನ ಸೀಸೆ ಕೇಳಿದ್ಲೇನೋ?" ಎಂದು ಅಬ್ಬರಿಸಿ ಟೀವಿ ಆರಿಸಿಬಿಟ್ಟರು. ಇಪ್ಪತ್ತು ಮಂದಿ ಹೋ ಎಂದರು. "ಸಾರ್, ಪೋಡುಂಗೋ ಸಾರ್!" ಎಂದು ಮಾಮಿ ಕೈಮುಗಿದ ಮೇಲೇ ಮತ್ತೆ ಹಾಕಿದ್ದು. ಅಷ್ಟರಲ್ಲಿ ಸೋಪಿನ ಜಾಹೀರಾತು ಬರುತ್ತಿತ್ತು.

ಮರುದಿನವೇ ಟೀವಿಯವರಿಗೆ ಕಾರ್ಡು ಹೋಯಿತು. ಮಾವನದು ಆಫೀಸಿನ ಇಂಗ್ಲಿಷು, ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಮಾನ್ಯರೇ, ಸದರಿ ದೆವ್ವವು ತನ್ನ ಮಗುವಿಗಾಗಿ ಬಹುಕಾಲದಿಂದ ಅಲೆಯುತ್ತಿದ್ದು, ತಾವು ಯಾವ ಕ್ರಮವನ್ನೂ ಕೈಗೊಂಡಿರುವುದಿಲ್ಲ. ಗುರುತು ಪರಿಶೀಲಿಸಿ ಮಗುವನ್ನು ಕೂಡಲೇ ಒಪ್ಪಿಸತಕ್ಕದ್ದು." ಉತ್ತರ ಬರಲಿಲ್ಲ. ಮಾವ ಬಿಡುವವರೇ? ಜ್ಞಾಪನಾಪತ್ರ ಒಂದು, ಜ್ಞಾಪನಾಪತ್ರ ಎರಡು!

ಕೊನೆಗೂ ಕೊನೆಯ ಕಂತು ಬಂತು. ದೆವ್ವ ಕಟ್ಟಕಡೆಯ ಬಾಗಿಲ ಚಿಲಕಕ್ಕೆ ಕೈ ಹಾಕಿತು. ಮಾಮಿಯ ಕವಚ ನಿಂತಿತು. ಕಿರ್ರ್ ಎಂದು ಬಾಗಿಲು ತೆರೆಯಿತು... ಕರೆಂಟ್ ಹೋಯಿತು! ಇಡೀ ಪೆರಂಬೂರು ಕತ್ತಲು. ಕರೆಂಟ್ ಬಂದಾಗ ಟೀವಿಯಲ್ಲಿ ಒಬ್ಬರು ಸಿತಾರ್ ಬಾರಿಸುತ್ತಿದ್ದರು.

ಸೋಮವಾರದಿಂದ ಮಾವನ ಆಫೀಸಿನಲ್ಲಿ ಹೊಸ ನಿಯಮ. ಕೊಡೆ ಕೇಳಲು ಬಂದವರು ಕೊಡೆಯ ಬಣ್ಣ ಹೇಳಿದರೆ ಸಾಲದು. "ಭಾನುವಾರ ಟೀವಿ ನೋಡಿದ್ರಾ? ದೆವ್ವಕ್ಕೆ ಮಗು ಸಿಕ್ಕಿತೇನ್ರೀ?" ಎಂಬ ಪ್ರಶ್ನೆಗೂ ಉತ್ತರಿಸಬೇಕು. ತನ್ನ ಕೊಡೆಯೇ ಬೇಡವೆಂದು ಒಬ್ಬ ಹೊರಟೇ ಹೋದನಂತೆ! ಗುರುವಾರ, ಮರೆತ ಚಪ್ಪಲಿ ಕೇಳಲು ಬಂದ ಹಿಂದಿ ಬಲ್ಲ ಸೌಕಾರ್‌ಪೇಟೆಯ ಸೇಠ್ ಒಬ್ಬರು ಕಥೆ ಪೂರ್ತಿ ಹೇಳಿದರು.

ಅಂದು ಮಾವ ಬೇಗ ಮನೆಗೆ ಬಂದರು. ಕೈಯಲ್ಲಿ ಜಾಂಗಿರಿಯ ಪೊಟ್ಟಣ. "ಸಿಕ್ತಂತೆ ಕಣೇ! ಆ ಕೊನೇ ಕೋಣೆ ಕಿಟಕಿಯಿಂದ ನೋಡಿದ್ಲಂತೆ. ಮಗು ಚೆನ್ನಾಗಿ ಬೆಳೆದಿತ್ತಂತೆ. ನೋಡಿ, ನಕ್ಕು, ಹೊರಟುಹೋದ್ಲಂತೆ."

"ಅಪ್ಪಾಡಾ! ಇನ್ನು ಭಾನುವಾರ ಲಂಗ ಉಡಬೇಕಾಗಿಲ್ಲ" ಎಂದು ಕುಣಿದೆ.

ಮಾವ ನಗಲಿಲ್ಲ. ಪೊಟ್ಟಣದ ದಾರ ಬಿಚ್ಚುತ್ತಲೇ ಹೇಳಿದರು: "ನಿಮ್ಮಮ್ಮ ಕೊನೇ ದಿನ ನಿನ್ನ ಕೇಳಿದ್ಲು ಪುಟ್ಟಿ. ವಾರ್ಡಿಗೆ ಮಕ್ಕಳನ್ನ ಬಿಡ್ತಿರಲಿಲ್ಲ. ಅವಳು ಕಿಟಕಿಗೆ ಬಂದ್ರೆ ತೋರಿಸೋಣ ಅಂತ ನಿನ್ನ ಎತ್ಕೊಂಡು ಗೇಟ್ ಹತ್ರ ನಿಂತೇ ಇದ್ದೆ. ಅವಳಿಗೆ ಏಳೋಕ್ಕಾಗಲಿಲ್ಲ." ದಾರ ಗಂಟಾಗಿತ್ತು. "ಊರವರ ಕೊಡೆ, ಹಲ್ಲು ಎಲ್ಲಾ ಹುಡುಕಿ ಒಪ್ಪಿಸಿದೆ. ನಿನ್ನ ಒಂದ್ಸಲ ಅವಳಿಗೆ ತೋರಿಸೋಕ್ಕಾಗಲಿಲ್ಲ. ಟೀವಿಯ ಆ ಕಡೆಯಿಂದ ಒಬ್ಬಳು ತಾಯಿ ವಾರ ವಾರ ಬಂದು ನೋಡ್ತಾಳಲ್ಲ, ನಿಮ್ಮಮ್ಮನೂ ಅವಳ ಜೊತೇಲಿ ನಿಂತು ನಿನ್ನ ನೋಡಬಹುದೇನೋ ಅಂತ..."

ಕುಣಿದದ್ದಕ್ಕೆ ನನಗೆ ನಾಚಿಕೆಯಾಯಿತು. ಅಂದು ಜಾಂಗಿರಿ ಯಾರೂ ತಿನ್ನಲಿಲ್ಲ.

ಮುಂದಿನ ಭಾನುವಾರ ಧಾರಾವಾಹಿ ಇರಲಿಲ್ಲ, ಮಾಮಿಯೂ ಬರಲಿಲ್ಲ. ಸಂಜೆ ನಾನೇ ಅತ್ತೆಯ ಬಳಿ ಹೋಗಿ ಎರಡು ಜಡೆ ಹಾಕಿಸಿಕೊಂಡು, ಲಂಗ ಉಟ್ಟು, ಆರಿದ ಟೀವಿಯ ಎದುರು ಮಣೆ ಹಾಕಿ ಕುಳಿತೆ. ಮಾವ ಕುರ್ಚಿ ಎಳೆದುಕೊಂಡು ಹಿಂದೆ ಕೂತರು. ನನಗೆ ಅಳು ಒತ್ತರಿಸಿಕೊಂಡು ಬಂತು. ಆದರೂ ಕೈಯಿಂದ ಮುಖ ಮುಚ್ಚಿಕೊಳ್ಳಲಿಲ್ಲ.