ಒಗ್ಗರಣೆಗೆ ಇಂಗು, ಇಂಗ್ಲಿಷಿಗೆ ಇಂಗ್

ಮೂವತ್ತು ದಿನಗಳಲ್ಲಿ ಇಂಗ್ಲಿಷಿಗೆ ಮಣ್ಣು ಮುಕ್ಕಿಸುತ್ತೇನೆಂದು ಶಪಥ ಮಾಡಿದ ಭೀಮರಾಜು, ಮೂರನೇ ದಿನಕ್ಕೇ ತಾನು ಗೆದ್ದೆನೆಂದು ಘೋಷಿಸಿದ. ವೈ.ಎನ್.ಹೊಸಕೋಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು ಅವನು. ಇಪ್ಪತ್ತು ವರ್ಷ ಬೇರೆಯವರ ಇಂಗ್ಲಿಷನ್ನು ನಕಲು ತೆಗೆದವನಿಗೆ ಸ್ವಂತದ್ದು ಎಷ್ಟರ ಮಾತು?

"ಲೇ ಗಂಗಾ, ಎಲ್ಲಾ ಇರೋದು ಇಂಗ್‌ನಲ್ಲಿ ಕಣೆ. ಗೋಯಿಂಗ್, ಕಮಿಂಗ್, ಈಟಿಂಗ್. ನೀನು ಒಗ್ಗರಣೆಗೆ ಇಂಗು ಹಾಕಲ್ವಾ, ಅಂಗೆ. ಇಂಗ್ ಬಿದ್ರೆ ಮಾತು ಘಮ್ ಅನ್ನುತ್ತೆ."

"ನಾನು ಚಿಟಿಕೆ ಹಾಕ್ತೀನಿ. ನೀವು ಡಬ್ಬೀನೇ ಸುರೀತೀರ," ಎಂದಳು ಹೆಂಡತಿ ಗಂಗಾಲಕ್ಷ್ಮಿ.

ಇಂಗಿಲ್ಲದ ವರ್ತಮಾನಕಾಲವೂ ಒಂದಿದೆ ಎಂದು ಅವನು ಕೊಂಡಿದ್ದ ಮೂವತ್ತು ದಿನಗಳ ಇಂಗ್ಲಿಷ್ ಪುಸ್ತಕದ ನಾಲ್ಕನೇ ದಿನದ ಪಾಠ ಹೇಳುತ್ತಿತ್ತು. ಆದರೆ ಆ ಹಾಳೆ ಹರಿದು ಅದರಲ್ಲಿ ಕಡ್ಲೆಬೀಜದ ಪೊಟ್ಟಣ ಕಟ್ಟಿಕೊಂಡು, ಪಾವಗಡದ ಬಸ್ಸಿನಲ್ಲಿ ತಿಂದು, ಕಿಟಕಿಯಾಚೆ ಎಸೆದವನೂ ಅವನೇ.

ಆಗ ಕ್ಯಾತಗಾನಚೆರ್ಲು ಕಡೆಯ ಸೋಲಾರ್ ಪಾರ್ಕಿನ ಗೆಸ್ಟ್‌ಹೌಸಿನಲ್ಲಿ ಎಂಜಿನಿಯರುಗಳೂ ಸೇರಿ ಹದಿನೈದು ಜನಕ್ಕೆ ದಿನವೂ ಮಧ್ಯಾಹ್ನದ ಅಡುಗೆ ಮಾಡುವವರು ಬೇಕಾಗಿದ್ದರು. ಆ ಕೆಲಸ ತನಗೇ ಸಿಗಲೆಂದು ಗಂಗಾಲಕ್ಷ್ಮಿ ಮೂರು ಶನಿವಾರ ಒಪ್ಪೊತ್ತು ಮಾಡಿದ್ದಳು. ಅಲ್ಲಿನ ಮ್ಯಾನೇಜರ್ ಮೇಡಂಗೆ ಕನ್ನಡ ಬಾರದು. ಹೆಂಡತಿಯ ಪರವಾಗಿ ವಿಳಾಸ ಸಮೇತ ಅರ್ಜಿ ಕಳಿಸಿದ್ದ ಭೀಮರಾಜುವಿಗೆ ಸೋಮವಾರ ಬೆಳಿಗ್ಗೆ ಅವರಿಂದ ವಾಟ್ಸ್ಯಾಪಿನಲ್ಲಿ ಇಂಗ್ಲಿಷ್ ಪ್ರಶ್ನೆ ಬಂತು: ನಿಮ್ಮ ಹೆಂಡತಿ ಏನೇನು ಅಡುಗೆ ಮಾಡುತ್ತಾರೆ?

"ಮುದ್ದೆ, ಬಸ್ಸಾರು, ಕಡ್ಲೆಬೀಜದ ಚಟ್ನಿ ಮಾಡ್ತಾಳೆ, ಹದಿನೈದು ಜನಕ್ಕೂ ಸೈ ಅಂತ ಬರೀರಿ," ಎಂದಳು ಗಂಗಾಲಕ್ಷ್ಮಿ.

ಭೀಮರಾಜು ಬರೆದ: "ಮೈ ವೈಫ್ ಈಸ್ ಮೇಕಿಂಗ್ ಮುದ್ದೆ, ಬಸ್ಸಾರು, ಚಟ್ನಿ ಫಾರ್ ಫಿಫ್ಟೀನ್ ಪೀಪಲ್." ಘಮ ಸಾಲದೆಂದು ಇನ್ನೊಂದು ಚಿಟಿಕೆ ಉದುರಿಸಿದ: "ವಿ ಆರ್ ವೇಟಿಂಗ್."

ಉತ್ತರ ಕೂಡಲೇ ಬಂತು. "ವಂಡರ್‌ಫುಲ್. ವಿ ಆರ್ ಕಮಿಂಗ್."

"ನೋಡ್ದಾ? ಅವ್ರೂ ಇಂಗ್ ಹಾಕವ್ರೆ. ಯಾವತ್ತೋ ಒಂದಿನ ಬರ್ತಾರಂತೆ ಬುಡು."

ಹನ್ನೆರಡೂವರೆಗೆ ಮನೆ ಮುಂದೆ ಎರಡು ಜೀಪು ನಿಂತವು. ಮೊದಲು ಇಳಿದವನು ಡ್ರೈವರ್ ಮುಜೀಬ್, ಶಿರಾದವನು.

"ಸಲಾಂ ಅಕ್ಕಾ, ನಾನು ಮುಜೀಬ್. ಹದಿನೈದು ಜನಕ್ಕೆ ಅಡ್ಗೆ ಮಾಡ್ತಾ ಇದೀರ, ಕಾಯ್ತಾ ಇದೀರ ಅಂತ ಅಣ್ಣ ಬರ್ದವ್ರೆ. ಎಲ್ರೂ ಖಾಲಿ ಪೇಟ್ ಬಂದ್ಬುಟ್ವಿ."

ಒಳಗೆ ಇದ್ದದ್ದು ಇಬ್ಬರಿಗಾಗುವಷ್ಟು ಅನ್ನ. ಗಂಗಾಲಕ್ಷ್ಮಿ ಗಂಡನನ್ನೊಮ್ಮೆ ನೋಡಿದಳು. ಆ ನೋಟದಲ್ಲಿ ಅವನ ಭವಿಷ್ಯತ್ಕಾಲ ಪೂರ್ತಿ ಇತ್ತು.

"ಪಕ್ಕದ್ಮನೆ ಪುಟ್ಟಕ್ಕನ ಹತ್ರ ದೊಡ್ಡ ಪಾತ್ರೆ ಈಸ್ಕೊಂಬನ್ನಿ. ಮುಜೀಬಣ್ಣ, ಅರ್ಧ ಗಂಟೆ ಅಂತೇಳಿ ಮೇಡಂಗೆ."

ಅರ್ಧ ಗಂಟೆ ಒಂದೂವರೆ ಗಂಟೆಯಾಯಿತು. ಅಷ್ಟರಲ್ಲಿ ಎಂಜಿನಿಯರುಗಳು ಅಂಗಳದಲ್ಲಿ ಒಣಗಿದ್ದ ಕಡ್ಲೆಕಾಯಿ ಸುಲಿದುಕೊಟ್ಟರು; ಅರ್ಧ ಚಟ್ನಿಗೆ ಹೋಯಿತು, ಅರ್ಧ ಬಾಯಿಗೆ. ಮುದ್ದೆಯನ್ನು ಅಗಿಯದೆ ನುಂಗುವುದು ಹೇಗೆಂದು ಮುಜೀಬ್ ತೋರಿಸಿಕೊಟ್ಟ. ಮೇಡಂಗೆ ಅರ್ಥವಾಗುವಷ್ಟರಲ್ಲಿ ಅವನೇ ಎರಡು ಮುದ್ದೆ ಮುಗಿಸಿದ್ದ. ಮೇಡಂ ಮೂರು ಸಲ ಬಸ್ಸಾರು ಹಾಕಿಸಿಕೊಂಡು ಕೈ ನೆಕ್ಕಿದರು. ಕೆಲಸ ಗಂಗಾಲಕ್ಷ್ಮಿಗೇ.

ಹಿತ್ತಿಲಲ್ಲಿ ತಟ್ಟೆಗಳ ರಾಶಿ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ಭೀಮರಾಜುವಿಗೆ ಮುಜೀಬ್ ಗುಟ್ಟು ಹೇಳಿದ. "ಅಣ್ಣಾ, ಈಗ್ಲೇ ಮಾಡ್ತಾ ಇದ್ರೆ ಇಂಗ್ ಹಾಕ್ಬೇಕು. ದಿನಾ ಮಾಡೋದಾದ್ರೆ ಇಂಗ್ ಬ್ಯಾಡ. ಮೇಕ್ಸ್, ಖಲಾಸ್."

ಭೀಮರಾಜು ಇಂಗಿಗೆ ಅಲ್ಲೇ ಎಳ್ಳುನೀರು ಬಿಟ್ಟ. ಇನ್ನು ಜನ್ಮದಲ್ಲಿ ಹಾಕುವುದಿಲ್ಲ. ಅದೇ ಹೊತ್ತಿಗೆ ಮೇಡಂ ಕರಾರು ಪತ್ರ ಹಿಡಿದು ಅಲ್ಲಿಗೇ ಬಂದು ನಗುತ್ತಾ ಕೇಳಿದರು. "ಅಂಡ್ ಯೂ?"

ಸೋಪಿನ ಕೈ ಎತ್ತಿ, ಎದೆಯುಬ್ಬಿಸಿ, ಇಂಗಿನ ಸೋಂಕಿಲ್ಲದ ಶುದ್ಧ ಇಂಗ್ಲಿಷಿನಲ್ಲಿ ಅವನೆಂದ: "ಐ ವಾಷ್ ವೆಸೆಲ್ಸ್."

ಮೇಡಂ ಸಂತೋಷದಿಂದ ಬರೆದುಕೊಂಡರು. ಮುಜೀಬ್ ಓದಿ ಹೇಳಿದ. "ಅಡ್ಗೆಗೆ ಗಂಗಾಲಕ್ಷ್ಮಿ. ಪಾತ್ರೆ ತೊಳೆಯೋಕೆ ಭೀಮರಾಜು. ನಾಳೆಯಿಂದ, ದಿನಾ."

"ಅಯ್ಯೋ, ಈಗ ತೊಳೀತಾ ಇದೀನಿ ಅಂತಲ್ವೇನಪ್ಪಾ ನಾನು ಹೇಳಿದ್ದು?"

"ಹಾಕ್ಬೇಕಾದ್ ಕಡೇಲೇ ಇಂಗು ಮರ್ತ್ಬುಟ್ರಲ್ಲ ರೀ," ಎನ್ನುತ್ತಾ ಗಂಗಾಲಕ್ಷ್ಮಿ, ತಳ ಹಿಡಿದ ಮುದ್ದೆ ಪಾತ್ರೆಯನ್ನೂ ತಂದು ಅವನ ಮುಂದಿಟ್ಟಳು.