ದಾಲ್ ಮಿಲ್ಲಿನ ಮುಚ್ಚಳ ಸುಮ್ಮನಾದ ಮೇಲೆ

ನಾನು ಒಂದು ಕಡೆ ಗದ್ದಲ ನಿಲ್ಲಿಸಲು ಹೋದರೆ ಅದು ಇನ್ನೊಂದು ಕಡೆ ಶುರುವಾಗುತ್ತದೆ. ಇದು ನನ್ನ ಹಣೆಬರಹ. ನಾನು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಪಾಠ ಹೇಳುವವಳು. ಚಿತ್ತಾಪುರದಲ್ಲಿ ನನ್ನ ಬಾಡಿಗೆ ಮನೆಯ ಒಂದು ಮಗ್ಗುಲಿಗೆ ದಾಲ್ ಮಿಲ್ಲು, ಇನ್ನೊಂದು ಮಗ್ಗುಲಿಗೆ ಓಣಿಯವರೆಲ್ಲ ಹಾಗೆಂದೇ ಕರೆಯುವ ಖಾಲಾ ಮತ್ತು ಚಾಚಾ. ವಯಸ್ಸಾದ ಆ ಗಂಡ ಹೆಂಡತಿ ಜಗಳ ಆಡಿದ್ದನ್ನು ಓಣಿಯಲ್ಲಿ ಯಾರೂ ಕೇಳಿದವರಿಲ್ಲ. ಅಂಥ ಮನೆಯ ನೆಮ್ಮದಿಗೆ ನಾನು ಕೈ ಹಾಕಬಾರದಿತ್ತು.

ಪಟ್ಟಿ

ಬೇಳೆ ಸೋಸುವ ಜರಡಿ ಯಂತ್ರದ ಮೇಲೆ ಒಂದು ದೊಡ್ಡ ತಗಡಿನ ಮುಚ್ಚಳ. ಗದ್ದಲವೆಲ್ಲ ಅದರದೇ. "ಬೇಟಿ, ನೀ ಓದಿದಾಕಿ. ಇದರ ಬಾಯಿ ಮುಚ್ಚಸು" ಅಂದರು ಖಾಲಾ.

ಉಪಾಯ ನನಗೆ ಗೊತ್ತಿತ್ತು. ತಗಡಿನ ದಪ್ಪವನ್ನು ಅಂಚಿನ ಕಡೆಗೆ ಮೆಲ್ಲಗೆ ಇಳಿಸುತ್ತ ಹೋಗಬೇಕು, ಜೋಳದ ರೊಟ್ಟಿಯ ಅಂಚಿನ ಹಾಗೆ. ನಡುಕ ಅಲ್ಲಿಗೆ ಬರುಬರುತ್ತ ನಿಧಾನವಾಗಿ, ಅಂಚಿಗೆ ಅಂಟಿಸಿದ ಮೆತ್ತನೆ ರಬ್ಬರಿನಲ್ಲಿ ಸತ್ತುಹೋಗುತ್ತದೆ. ಮಿಲ್ಲಿನ ಮಾಲಕರು ಒಪ್ಪಿದರು. ವಾಡಿಯ ವೆಲ್ಡಿಂಗ್ ಅಂಗಡಿಯವರಿಗೆ ಹೊಸ ತಗಡು ಕೊಟ್ಟು, ಅಂಚು ಸಾಣೆ ಹಿಡಿಯಲು ಹೇಳಿ ಬಂದೆ.

ತರಲು ಹೋದರೆ ಅಂಚಿನ ಸುತ್ತ ದಪ್ಪನೆಯ ಕಬ್ಬಿಣದ ಪಟ್ಟಿ ಕೂತಿದೆ.

"ಇದೇನ್ರಿ?"

"ನೀವು ಹೇಳಿದಂಗ ಸಾಣಿ ಹಿಡದೆ ಮೇಡಂ. ಅಂಚು ಭಾಳ ತೆಳ್ಳಗಾತು. ಹಂಗ ಕೊಟ್ರ ನಮ್ಮ ಅಂಗಡಿ ಹೆಸರು ಕೆಡ್ತದ. ಅದಕ್ಕ ಪಟ್ಟಿ ಬೆಸದೀನಿ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವರು ಚಹಾ ತರಿಸಿ, "ಮಜಬೂತಿ ನೋಡ್ರಿ, ಮ್ಯಾಲ ನಿಂದ್ರರಿ ಬೇಕಾದ್ರ" ಅಂದರು.

ಬೋರ್ಡು

ಎರಡನೆಯ ತಗಡಿಗೆ ನಾನೇ ಪಕ್ಕದಲ್ಲಿ ಕೂತೆ. ಹೊಸ ಮುಚ್ಚಳ ಹಾಕಿ ಯಂತ್ರ ಚಾಲೂ ಮಾಡಿದರೆ, ಧಡಧಡ ಹೋಗಿ ಬರೀ ಗುಂಯ್ ಅನ್ನುವ ಸದ್ದು ಉಳಿಯಿತು. ನಾನು ಹಿಗ್ಗಿಹೋದೆ.

ಮರುದಿನ ಮಾಲಕರು ಜೋಲು ಮುಖ ಹೊತ್ತು ಬಂದರು. ದಂಡೋತಿಯಿಂದ ತೊಗರಿ ತಂದವರು ತಿರುವಿನಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ, ಸದ್ದಿಲ್ಲ, ಮಿಲ್ಲು ಬಂದಾಗಿದೆ ಎಂದುಕೊಂಡು ಸೇಡಂ ಕಡೆ ತಿರುಗಿಸಿಕೊಂಡು ಹೋದರಂತೆ.

"ಹಳೇ ಮುಚ್ಚಳ ಹಾಕಿಬಿಡ್ರಲ್ಲ."

"ಅದನ್ನ ಗುಜರಿಗೆ ಹಾಕೇವ್ರಿ. ಮತ್ತ ಈಗ ಬೋಲ್ಟ್ ಸಡಲ್ ಆಗೋದೂ ನಿಂತದ. ಆದ್ರ ಮೇಡಂ, ಆ ಗದ್ದಲಾನೇ ನಮ್ಮ ಬೋರ್ಡ್ ಇತ್ತರಿ."

ಊಟ

ವಾರ ಕಳೆಯುವುದರಲ್ಲಿ ಖಾಲಾ ಬಂದರು. ಶಭಾಷ್ ಅನ್ನಬಹುದೆಂದು ಕುರ್ಚಿ ಎಳೆದೆ. ಅವರು ಕೂರಲಿಲ್ಲ.

"ಇಷ್ಟು ವರ್ಷ ಊಟಕ್ಕ ಕುಂತಾಗ ಅವ್ರ ತುಟಿ ಅಲ್ಲಾಡ್ತಿತ್ತು. ದುವಾ ಓದ್ತಾರ ಅಂತ ನಾನೂ ಸುಮ್ಮನ ಕುಂದರ್ತಿದ್ದೆ. ಈಗ ಕೇಳಸಲಿಕತ್ತದ. 'ಇವತ್ತೂ ಬ್ಯಾಳಿ ಸೀದದ' ಅಂತಾರ."

"ಖಾಲಾ, ಚಾಚಾ ಚೇಷ್ಟೆಗೆ ಅಂದಿರಬೇಕು."

"ಚಾಷ್ಟಿ ಅಲ್ಲ. ನಾನೂ ತಿಂದು ನೋಡಿದೆ. ಸೀದದ." ಅವರ ಕಣ್ಣು ತುಂಬಿತು. "ಈಗ ಅವ್ರೊಂದು ಮೂಲಿ, ನಾನೊಂದು ಮೂಲಿ ಕುಂತು ಉಣ್ಣಲಿಕತ್ತೀವಿ. ಅವ್ರು ಬೈಲಿ ಬೇಟಿ, ಬ್ಯಾಡ ಅನ್ನಂಗಿಲ್ಲ. ನನಗ ಕೇಳಸಬಾರದು ಅಷ್ಟ. ಮೊದಲಿನ ಗದ್ದಲ ತಂದ್ಕೊಡು."

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಆ ಹಳೆಯ ಮುಚ್ಚಳ ಇಷ್ಟು ವರ್ಷ ಒಂದು ಸಂಸಾರವನ್ನು ಕಾಪಾಡಿತ್ತೆಂದು ನನಗೇನು ಗೊತ್ತು? ನಿಜವಾಗಿ ಸಂಕಟವಾಯಿತು. ಚಾಚಾ ಅವರ ಕೈಕಾಲು ಹಿಡಿದಾದರೂ ರಾಜಿ ಮಾಡಿಸೋಣವೆಂದು ಅವರ ಮನೆಗೆ ಹೋದೆ. ಅವರು ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು.

"ಚಾಚಾ, ಬೇಳೆಯ ಮಾತು ಬಿಟ್ಟುಬಿಡಿ. ಖಾಲಾ ಭಾಳ ನೊಂದಿದ್ದಾರೆ."

"ಆಕಿಗಷ್ಟ ಕೇಳಸ್ತದೇನು ಬೇಟಿ? ನನಗೂ ಕೇಳಸಲಿಕತ್ತದ" ಅಂದರು ಚಾಚಾ. "ರೊಟ್ಟಿ ಬಡಿಯುವಾಗ ಏನೋ ಹಾಡ್ತಾಳ ಅಂದ್ಕೊಂಡಿದ್ದೆ. ನನ್ನ ಹೆಸರು ತಗೊಂಡು ಬಡೀತಾಳ."